ಮೂರಂಗುಲದ ಆಸರೆ

2018ರ ಜುಲೈ ತಿಂಗಳ ಒಂದು ಶನಿವಾರ, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಗ್ರೇವ್ಸೆಂಡ್ ಊರಿನ ಸಿಂಗಲ್‌ವೆಲ್ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕರ ಕೊಠಡಿಯ ಚಾವಣಿ ಕುಸಿದು ಬಿತ್ತು. ವಾರದ ರಜೆ, ಒಳಗೆ ಯಾರೂ ಇರಲಿಲ್ಲ. ಏನೋ ಸರಿಯಿಲ್ಲ ಎಂಬ ಲಕ್ಷಣ ಮೊದಲು ಕಂಡದ್ದು ಬೀಳುವುದಕ್ಕೆ ಬರೀ ಒಂದು ದಿನ ಮುಂಚೆ.

ಕಟ್ಟಡ ಕುಸಿಯುವ ಸುದ್ದಿ ನಮಗೆ ಹೊಸದಲ್ಲ. ಆದರೆ ನಮ್ಮಲ್ಲಿ ಕುಸಿದ ಕಟ್ಟಡದ ಹಿಂದೆ ಸಾಮಾನ್ಯವಾಗಿ ಒಬ್ಬ ಖಳನಾಯಕ ಸಿಗುತ್ತಾನೆ: ಸಿಮೆಂಟಿನಲ್ಲಿ ಕದ್ದ ಗುತ್ತಿಗೆದಾರ, ಅನುಮತಿಯಿಲ್ಲದೆ ಇನ್ನೆರಡು ಮಹಡಿ ಏರಿಸಿದ ಮಾಲೀಕ, ಪಕ್ಕದ ಸೈಟಿನಲ್ಲಿ ಪಾಯ ಅಗೆದು ಹಾಗೇ ಬಿಟ್ಟುಹೋದವನು. ಬ್ರಿಟನ್ನಿನ ಈ ಚಾವಣಿಗಳ ಕಥೆಯಲ್ಲಿ ಅಂಥವನು ಬೇಕಿಲ್ಲ. ಕಾರ್ಖಾನೆಯಲ್ಲಿ ಅಳತೆಗೆ ತಕ್ಕಂತೆ ತಯಾರಾದ, ಸರಕಾರಿ ಎಂಜಿನಿಯರುಗಳು ಒಪ್ಪಿದ, ಆ ಕಾಲದ ನಿಯಮ ಪಾಲಿಸಿದ ಹಲಗೆಗಳು ಅವು. ಕಾಂಕ್ರೀಟಿನ ಹಲಗೆಗಳು. ಒಳಗೆ ಉಕ್ಕಿನ ಕಂಬಿ, ಉಳಿದದ್ದರಲ್ಲಿ ಐದರಲ್ಲಿ ನಾಲ್ಕು ಪಾಲು ಗಾಳಿ. ಅವುಗಳ ಹೆಸರು ಉದ್ದವಾದ್ದರಿಂದ ಎಂಜಿನಿಯರುಗಳು ಅದನ್ನು ‘ರಾಕ್’ ಎಂದು ಮೊಟಕು ಮಾಡಿಕೊಂಡಿದ್ದಾರೆ. ನಾನೂ ಹಾಗೇ ಕರೆಯುತ್ತೇನೆ.

ಇದರ ತವರು ಸ್ವೀಡನ್. ಮರ ಕಡಿಮೆಯಾಗುತ್ತಿದ್ದ, ಚಳಿಗೆ ಮನೆ ಬೆಚ್ಚಗಿಡುವ ಖರ್ಚು ಏರುತ್ತಿದ್ದ 1920ರ ದಶಕದಲ್ಲಿ, ಮರದ ಹಾಗೆ ಹಗುರವಾಗಿ, ಗರಗಸಕ್ಕೆ ಬಗ್ಗುವಂತೆ, ಆದರೆ ಬೆಂಕಿಗೂ ಹುಳುವಿಗೂ ಜಗ್ಗದಂತೆ ಇರುವ ಒಂದು ವಸ್ತುವಿಗಾಗಿ ಅಲ್ಲಿಯವರು ಹುಡುಕುತ್ತಿದ್ದರು. ಯೋಹಾನ್ ಆಕ್ಸೆಲ್ ಎರಿಕ್ಸನ್ ಎಂಬ ವಾಸ್ತುಶಿಲ್ಪಿ ಅದನ್ನು ಕಂಡುಹಿಡಿದು 1924ರಲ್ಲಿ ಪೇಟೆಂಟ್ ಪಡೆದರು. 1929ರಲ್ಲಿ ಕಾರ್ಖಾನೆ ಶುರುವಾಯಿತು. ನಯವಾದ ಮರಳು (ಅಥವಾ ಕಲ್ಲಿದ್ದಲಿನ ಹಾರುಬೂದಿ), ಸುಣ್ಣ, ಸಿಮೆಂಟು, ನೀರು ಕಲಸಿ, ಅದಕ್ಕೆ ಚಿಟಿಕೆಯಷ್ಟು ಅಲ್ಯುಮಿನಿಯಂ ಪುಡಿ ಸೇರಿಸುತ್ತಾರೆ. ಸುಣ್ಣದ ಕ್ಷಾರಕ್ಕೆ ಅಲ್ಯುಮಿನಿಯಂ ತಾಗಿದೊಡನೆ ಹೈಡ್ರೋಜನ್ ಅನಿಲ ಹೊಮ್ಮುತ್ತದೆ. ಮುಂದಿನದು ನಮ್ಮ ಅಡುಗೆಮನೆಯ ಇಡ್ಲಿಯ ದಾರಿಯೇ: ಹಿಟ್ಟು ಉಬ್ಬುತ್ತದೆ, ಉಬ್ಬಿದ್ದನ್ನು ಹಬೆಯಲ್ಲಿ ಬೇಯಿಸುತ್ತಾರೆ. ವ್ಯತ್ಯಾಸವೆಂದರೆ ಬೇಯುವ ಮುಂಚೆಯೇ ಬಿಗಿದ ತಂತಿಗಳಿಂದ ಅದನ್ನು ಬೇಕಾದ ಅಳತೆಗೆ ಕೊಯ್ದಿರುತ್ತಾರೆ, ಮತ್ತು ಆ ಪಾತ್ರೆಯೊಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಹತ್ತು ಪಟ್ಟು, ಶಾಖ 180–200 ಡಿಗ್ರಿ. ಆ ಬಿಸಿಯಲ್ಲಿ ಮರಳಿನ ಸಿಲಿಕಾ ಮತ್ತು ಸುಣ್ಣ ಕೂಡಿ ಟೋಬರ್ಮೊರೈಟ್ ಎಂಬ ಹರಳು ಕಟ್ಟುತ್ತದೆ. ಗುಳ್ಳೆಗಳ ನಡುವಿನ ತೆಳ್ಳನೆಯ ಗೋಡೆಗಳಿಗೆ ಬಲ ಕೊಡುವುದು ಅದೇ. ಹೈಡ್ರೋಜನ್ ಹಾರಿಹೋಗಿ ಆ ಜಾಗಕ್ಕೆ ಗಾಳಿ ಬರುತ್ತದೆ.

ಇದರಲ್ಲಿ ಜಲ್ಲಿ ಇಲ್ಲ. ಜಲ್ಲಿಯಿಲ್ಲದ್ದನ್ನು ಕಾಂಕ್ರೀಟ್ ಅನ್ನುವುದು ಹೇಗೆ ಎಂದು ಯಾವ ಮೇಸ್ತ್ರಿಯಾದರೂ ಕೇಳಿಯಾನು. ಕೇಳಬೇಕಾದ ಪ್ರಶ್ನೆಯೇ. ಮಾಮೂಲಿ ಕಾಂಕ್ರೀಟು ಒಂದು ಘನ ಮೀಟರಿಗೆ ಸುಮಾರು 2400 ಕಿಲೋ ತೂಗಿದರೆ ಇದು 500–600 ಕಿಲೋ. ನೀರಿನಲ್ಲಿ ಹಾಕಿದರೆ ತೇಲುತ್ತದೆ. ಮಾಮೂಲಿ ಮೋಲ್ಡಿನ ಕಾಂಕ್ರೀಟು ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ಅಥವಾ ಅದಕ್ಕೂ ಹೆಚ್ಚಿನ ಒತ್ತಡ ತಾಳಿದರೆ ಇದು ತಾಳುವುದು ಎರಡರಿಂದ ಐದು. ಆದರೂ ಹೊರುವ ಭಾರ ಕಡಿಮೆಯಿದ್ದರೆ ಅಷ್ಟು ಸಾಕು. ಸಮತಟ್ಟು ಚಾವಣಿಯ ಮೇಲೆ ಇರುವುದೇನು? ಡಾಂಬರಿನ ಪದರ, ಒಂದಿಷ್ಟು ಹಿಮ, ವರ್ಷಕ್ಕೊಮ್ಮೆ ಎಲೆ ಗುಡಿಸಲು ಹತ್ತುವ ಒಬ್ಬ ಮನುಷ್ಯ.

ಎರಡನೇ ಮಹಾಯುದ್ಧದ ನಂತರದ ಬ್ರಿಟನ್ನಿಗೆ ಬೇಕಾಗಿದ್ದದ್ದು ಇಂಥದ್ದೇ. ಶಾಲೆ ಬೇಕು, ಆಸ್ಪತ್ರೆ ಬೇಕು, ಬಾಡಿಗೆ ಮನೆ ಬೇಕು, ಎಲ್ಲವೂ ಬೇಗ ಬೇಕು. ರಾಕ್ ಹಲಗೆ ಬಂದರೆ ಸೆಂಟ್ರಿಂಗ್ ಬೇಡ, ಕಂಬಿ ಕಟ್ಟುವುದು ಬೇಡ, ವಾರಗಟ್ಟಲೆ ನೀರುಣಿಸುವುದು ಬೇಡ. ಗೋಡೆಯಿಂದ ಗೋಡೆಗೆ, ಇಲ್ಲವೇ ತೊಲೆಯಿಂದ ತೊಲೆಗೆ ಸಾಲಾಗಿ ಜೋಡಿಸಿದರೆ ಚಾವಣಿ ಸಿದ್ಧ. ಶಾಖ ತಡೆಯುವ ಗುಣವೂ ಅದರಲ್ಲೇ ಇದೆ. 1950ರ ದಶಕದ ನಡುವಿನಿಂದ 1990ರ ದಶಕದ ನಡುವಿನವರೆಗೆ ಸಾವಿರಾರು ಸಾರ್ವಜನಿಕ ಕಟ್ಟಡಗಳ ನೆತ್ತಿಗೆ ಇವು ಏರಿದವು. ಎರಡಡಿ ಅಗಲದ ಈ ಹಲಗೆಗಳ ಮೇಲೆ ನಲವತ್ತು ವರ್ಷದ ಆಡಳಿತ, ಪಾಠ, ಶಸ್ತ್ರಚಿಕಿತ್ಸೆ, ನ್ಯಾಯತೀರ್ಪು ಎಲ್ಲ ಒರಗಿದವು.

ಈಗ ಹಲಗೆಯ ಒಳಗೆ ಹೋಗೋಣ. ಅಪಾಯ ಅಡಗಿರುವುದು ಎಲ್ಲರೂ ನೋಡುವ ಕಡೆಯಲ್ಲಿ ಅಲ್ಲ.

ಚಾವಣಿ ಬೀಳುತ್ತದೆ ಎಂದೊಡನೆ ನಮ್ಮ ಕಣ್ಣು ಹೋಗುವುದು ನಡುಮಧ್ಯಕ್ಕೆ. ಅಲ್ಲಿ ಜೋತಿದೆಯೇ, ಬಿರುಕು ಬಿಟ್ಟಿದೆಯೇ ಎಂದು ನೋಡುತ್ತೇವೆ. ಮಾಮೂಲಿ ಆರ್‌ಸಿಸಿಯಲ್ಲಿ ಅದು ಸರಿಯಾದ ಅಭ್ಯಾಸ. ಭಾರ ಹೆಚ್ಚಾದರೆ ಅಡಿಭಾಗದ ಕಂಬಿ ಹಿಗ್ಗುತ್ತದೆ, ಕಾಂಕ್ರೀಟು ಸೀಳುತ್ತದೆ, ಚಾವಣಿ ಬಾಗುತ್ತದೆ. ಇವೆಲ್ಲ ಆಗುವಷ್ಟರಲ್ಲಿ ಜನ ಹೊರಗೆ ಓಡಬಹುದು. ಎಂಜಿನಿಯರುಗಳು ಬೇಕೆಂದೇ ಹಾಗೆ ವಿನ್ಯಾಸ ಮಾಡುತ್ತಾರೆ: ಸೋಲುವುದಾದರೆ ನಿಧಾನವಾಗಿ, ಸದ್ದು ಮಾಡಿಕೊಂಡು ಸೋಲಲಿ ಎಂದು. ಇದಕ್ಕೆಲ್ಲ ಒಂದು ಷರತ್ತಿದೆ. ಕಂಬಿಯನ್ನು ಕಾಂಕ್ರೀಟು ಬಿಗಿಯಾಗಿ ಹಿಡಿದಿರಬೇಕು. ಈಗಿನ ಟಿಎಂಟಿ ಕಂಬಿಯ ಮೈಮೇಲಿನ ಏಣುಗಳು ಇರುವುದು ಅದಕ್ಕೇ.

ರಾಕ್ ಹಲಗೆಯಲ್ಲಿ ಆ ಹಿಡಿತವಿಲ್ಲ. ಗುಳ್ಳೆಗಳ ಗೂಡು ಕಂಬಿಯನ್ನು ಹಿಡಿಯಲಾರದು. ಅದರ ಮೇಲೆ ಇನ್ನೊಂದು ತೊಡಕು: ಮಾಮೂಲಿ ಕಾಂಕ್ರೀಟಿನ ಗಾಢ ಕ್ಷಾರಗುಣ ಕಂಬಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ, ಇಲ್ಲಿ ಆ ಕಾವಲೂ ಇಲ್ಲ. ಆದ್ದರಿಂದ ಕಂಬಿಗೆ ಡಾಂಬರಿನ ಅಥವಾ ಸಿಮೆಂಟು ಬೆರೆತ ರಬ್ಬರಿನ ಲೇಪ ಬಳಿಯುತ್ತಿದ್ದರು. ನುಣುಪು ಕಂಬಿ, ಅದರ ಮೇಲೆ ಲೇಪ. ಹಿಡಿತ ಇನ್ನಷ್ಟು ಕಡಿಮೆಯಾಯಿತು. ಹಾಗಾದರೆ ಕಂಬಿ ಕೆಲಸ ಮಾಡುವುದು ಹೇಗೆ? ಉದ್ದಕಂಬಿಗಳಿಗೆ ಅಡ್ಡಕಂಬಿಗಳನ್ನು ಬೆಸುಗೆ ಹಾಕುತ್ತಾರೆ, ಮುಖ್ಯವಾಗಿ ಹಲಗೆಯ ಎರಡು ತುದಿಗಳ ಕಡೆ. ಉದ್ದಕಂಬಿ ಜಾರಲು ಹೋದರೆ ಅಡ್ಡಕಂಬಿ ಕಾಂಕ್ರೀಟಿಗೆ ಎದೆಯೊಡ್ಡಿ ತಡೆಯುತ್ತದೆ. ಇಡೀ ಹಲಗೆ ನಂಬಿರುವುದು ತುದಿಯ ಆ ನಾಲ್ಕಾರು ಅಡ್ಡಕಂಬಿಗಳನ್ನು.

ಆ ಅಡ್ಡಕಂಬಿಗಳಲ್ಲಿ ಕಟ್ಟಕಡೆಯದು ಗೋಡೆಯ ಅಥವಾ ತೊಲೆಯ ನೆತ್ತಿಯ ಮೇಲೆಯೇ ಬರಬೇಕು. ಹಲಗೆಯ ತುದಿ ಗೋಡೆಯ ಮೇಲೆ ಕೂರುವ ಅಗಲ ಕನಿಷ್ಠ 75 ಮಿಲಿಮೀಟರ್ ಇರಬೇಕು ಎಂಬುದು ಇಂದು ಬ್ರಿಟನ್ನಿನ ರಚನಾ ಎಂಜಿನಿಯರುಗಳ ಸಂಸ್ಥೆಯ ಮಾರ್ಗದರ್ಶನ. ಅಂದರೆ ಮೂರಂಗುಲ. ಅದಕ್ಕಿಂತ ಕಡಿಮೆ ಕೂರಿಸಿ ಕಟ್ಟಿದ ಚಾವಣಿಗಳು ಹೇರಳವಾಗಿವೆ. ಕೂರುವಿಕೆ ಕಡಿಮೆಯಾಗಿ ಅಡ್ಡಕಂಬಿ ಗೋಡೆಯ ಅಂಚಿನಿಂದ ಈಚೆಗೆ ಉಳಿದರೆ, ಗೋಡೆಗೂ ಕಂಬಿಗೂ ನಡುವೆ ಉಳಿಯುವುದು ಬರೀ ಗುಳ್ಳೆ ಕಾಂಕ್ರೀಟು. ಹಲಗೆಯ ಇಡೀ ಭಾರ ಗೋಡೆಗೆ ದಾಟುವುದು ಅದೇ ಜಾಗದಲ್ಲಿ. ಅಲ್ಲಿ ಓರೆಯಾಗಿ ಒಂದು ಬಿರುಕು ಬಂದರೆ ಮುಗಿಯಿತು. ಹಿಗ್ಗಲು ಉಕ್ಕಿಲ್ಲ, ಬಾಗಲು ಸಮಯವಿಲ್ಲ. ಹಲಗೆ ಕತ್ತರಿಸಿದಂತೆ ಕಳಚಿಕೊಳ್ಳುತ್ತದೆ.

ಹಗುರ ಕಾಂಕ್ರೀಟು ತಾನೇ, ಬಿದ್ದರೆ ಏನಾದೀತು ಎನ್ನುವವರಿಗೆ ಒಂದು ಲೆಕ್ಕ. ಐದು ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಹಲಗೆ ಎಂದಿಟ್ಟುಕೊಳ್ಳಿ. ಘನಮೀಟರಿಗೆ 550 ಕಿಲೋದಂತೆ ಅದರ ತೂಕ ಸುಮಾರು ಎರಡೂವರೆ ಕ್ವಿಂಟಲ್. ಅದೂ ಒಣಗಿದ್ದಾಗ.

ಒಣಗಿದ್ದಾಗ ಎಂಬ ಮಾತು ಇಲ್ಲಿ ತುಂಬಾ ಮುಖ್ಯ. ಸಮತಟ್ಟು ಚಾವಣಿಗೆ ನೀರು ಹುಟ್ಟುಶತ್ರು. ರಾಕ್ ಹಲಗೆ ವರ್ಷ ಕಳೆದಂತೆ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಬಾಗುತ್ತದೆ. ಐದು ಮೀಟರಿಗೆ ಐದು ಸೆಂಟಿಮೀಟರ್ ಬಾಗಿದರೆ, ಅಂದರೆ ನೂರಕ್ಕೆ ಒಂದರಷ್ಟಾದರೆ, ಎಂಜಿನಿಯರುಗಳು ಹುಬ್ಬೇರಿಸುತ್ತಾರೆ. ಬಾಗಿದ ಹೊಂಡದಲ್ಲಿ ಮಳೆನೀರು ನಿಲ್ಲುತ್ತದೆ. ಆ ಒಂದು ಹಲಗೆಯ ಮೇಲೆ ಒಂದು ಸೆಂಟಿಮೀಟರ್ ನೀರು ನಿಂತರೂ 30 ಕಿಲೋ. ಆ ಭಾರಕ್ಕೆ ಇನ್ನಷ್ಟು ಬಾಗುತ್ತದೆ, ಇನ್ನಷ್ಟು ನೀರು ನಿಲ್ಲುತ್ತದೆ. ಡಾಂಬರು ಪದರ ಎಲ್ಲೋ ಸೀಳಿ ನೀರು ಒಳಗಿಳಿದರೆ ಗುಳ್ಳೆಗಳೆಲ್ಲ ನೀರು ಕುಡಿಯುತ್ತವೆ. ಹಲಗೆ ಭಾರವಾಗುತ್ತದೆ, ಮೆತ್ತಗಾಗುತ್ತದೆ, ಲೇಪ ಬಿಟ್ಟ ಕಡೆ ಕಂಬಿ ತುಕ್ಕು ಹಿಡಿಯುತ್ತದೆ. ಸೋರುತ್ತದೆ ಎಂದು ದೂರು ಬಂದಾಗ ನಿರ್ವಹಣೆಯವರು ಮಾಡುವುದೇನು? ಹಳೆಯ ಡಾಂಬರಿನ ಮೇಲೆ ಇನ್ನೊಂದು ಪದರ, ಬಿಸಿಲಿಗೆ ಕರಗದಿರಲೆಂದು ಅದರ ಮೇಲೆ ಚೂರುಗಲ್ಲು. ಸೋರುವುದು ನಿಂತಿತೆಂದು ಸಮಾಧಾನ, ಭಾರ ಮಾತ್ರ ಏರಿತು.

ತುಕ್ಕಿನ ವಿಚಾರದಲ್ಲಿ ಇನ್ನೊಂದು ವಿಚಿತ್ರವಿದೆ. ನಮ್ಮ ಹಳೆಯ ಮನೆಗಳ ಮೋಲ್ಡಿನಲ್ಲಿ ಕಂಬಿ ತುಕ್ಕು ಹಿಡಿದರೆ ಉಬ್ಬಿಕೊಂಡು ಗಿಲಾವನ್ನು ಕಿತ್ತೆಸೆಯುತ್ತದೆ. ಅಡುಗೆಮನೆಯ ನೆತ್ತಿಯಿಂದ ಹಕ್ಕಳೆ ಕಳಚಿ ಬಿದ್ದು ಕಂದು ಕಂಬಿ ಇಣುಕಿದಾಗ ಯಾರಿಗಾದರೂ ಎಚ್ಚರವಾಗುತ್ತದೆ. ರಾಕ್‌ನಲ್ಲಿ ತುಕ್ಕು ಉಬ್ಬಲು ಪಕ್ಕದಲ್ಲೇ ಗುಳ್ಳೆಗಳ ಜಾಗವಿದೆ. ಕಂಬಿ ಸಾಕಷ್ಟು ಸವೆದರೂ ಹೊರಗೆ ಏನೂ ಕಾಣದೆ ಇರಬಹುದು. ನಡುಭಾಗ ಬಾಗಿ ಎಚ್ಚರಿಸಬಹುದು ಎಂದು ಕಾದರೆ ಅದು ತುದಿಯಲ್ಲಿ ಕಳಚುತ್ತದೆ. ಗಿಲಾವು ಉದುರಿ ಎಚ್ಚರಿಸಬಹುದು ಎಂದು ಕಾದರೆ ಅದೂ ಉದುರುವುದಿಲ್ಲ.

ಇಂಥ ಚಾವಣಿಯನ್ನು ಪರೀಕ್ಷಿಸುವುದು ಹೇಗೆ? ಮೊದಲ ಕೆಲಸ, ಅದು ರಾಕ್ ಹೌದೋ ಅಲ್ಲವೋ ಎಂದು ತಿಳಿಯುವುದು. ಹಳೆಯ ನಕ್ಷೆಗಳು ಕಳೆದುಹೋಗಿರುತ್ತವೆ. ಏಣಿ ಹತ್ತಿ ಫಾಲ್ಸ್ ಸೀಲಿಂಗಿನ ಒಂದು ಚೌಕ ಎತ್ತಿ ಟಾರ್ಚ್ ಬಿಡಬೇಕು. ಆ ಕಾಲದ ಕಟ್ಟಡಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಹೆಚ್ಚು, ಹಾಗಾಗಿ ಕೈ ಹಾಕುವ ಮುಂಚೆ ಅದರ ತಪಾಸಣೆ ಬೇರೆ. ಮೇಲೆ ಬಿಳಿ ಬಣ್ಣದ ನುಣುಪು ಮೈ, ಪ್ರತಿ 60 ಸೆಂಟಿಮೀಟರಿಗೆ ಒಂದು ‘ವಿ’ ಆಕಾರದ ಗೀರು ಕಂಡರೆ ಅನುಮಾನ ಬಲವಾಗುತ್ತದೆ. ಸ್ಕ್ರೂಡ್ರೈವರ್ ಒತ್ತಿದರೆ ಮಾಮೂಲಿ ಕಾಂಕ್ರೀಟಿನಲ್ಲಿ ಗೀಚಷ್ಟೇ ಬೀಳುತ್ತದೆ, ಇಲ್ಲಿ ಒಳಗೆ ಇಳಿಯುತ್ತದೆ. ಇಷ್ಟಾದರೆ ಗುರುತು ಸಿಕ್ಕಂತೆ. ಕಷ್ಟದ ಭಾಗ ಇನ್ನು ಮುಂದೆ. ಹಲಗೆ ಗೋಡೆಯ ಮೇಲೆ ಎಷ್ಟು ಅಂಗುಲ ಕೂತಿದೆ ಎಂಬುದು ಕೆಳಗಿನಿಂದ ಕಾಣುವುದಿಲ್ಲ. ಗೋಡೆಯ ಅಂಚಿಗೆ ಸಣ್ಣ ತೂತು ಕೊರೆದು ತಂತಿ ತೂರಿಸಿ ಅಳೆಯಬೇಕು. ಅಡ್ಡಕಂಬಿ ಎಲ್ಲಿದೆ ಎಂದು ಲೋಹಶೋಧಕದಂಥ ಉಪಕರಣದಿಂದ ಹುಡುಕಬೇಕು, ಅದೂ ಗೋಡೆಯ ನೆತ್ತಿಯ ಮೇಲೆ, ಉಪಕರಣ ತಲುಪದ ಜಾಗದಲ್ಲಿ. ಒಂದು ಶಾಲೆಯಲ್ಲಿ ಇಂಥ ನೂರಾರು ಹಲಗೆಗಳಿರಬಹುದು. ಪಕ್ಕದ ಹಲಗೆ ಗಟ್ಟಿಯಾಗಿದೆ ಎಂಬುದು ಈ ಹಲಗೆಗೆ ಪ್ರಮಾಣಪತ್ರವಲ್ಲ.

ಇದೆಲ್ಲ ಗೊತ್ತಿರಲಿಲ್ಲವೇ? ಒಂದಿಷ್ಟು ಗೊತ್ತಿತ್ತು. 1980ರ ದಶಕದಲ್ಲೇ ಕೆಲವು ಚಾವಣಿಗಳು ಕೈಕೊಟ್ಟಿದ್ದವು. 1996ರಲ್ಲಿ ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆ 1980ಕ್ಕೆ ಮುಂಚಿನ ಹಲಗೆಗಳ ಬಗ್ಗೆಯೇ ಒಂದು ಪತ್ರ ಹೊರಡಿಸಿ, ಮಿತಿಮೀರಿದ ಬಾಗು ಮತ್ತು ಬಿರುಕುಗಳ ಕುರಿತು ಬರೆದಿತ್ತು. ಆದರೆ ಒಳಗಿರುವ ಜನಕ್ಕೆ ಇದರಿಂದ ಅಪಾಯವಿದೆ ಎನ್ನಲು ಆಗಿನ್ನೂ ಪುರಾವೆ ಇಲ್ಲ ಎಂಬ ಭಾವವೂ ಅದರಲ್ಲಿತ್ತು. ಸರಕಾರಿ ಕಡತಕ್ಕೆ ಅಷ್ಟು ಸಾಕಾಯಿತು. ಗ್ರೇವ್ಸೆಂಡಿನ ನಂತರ, 2019ರ ಮೇ ತಿಂಗಳಲ್ಲಿ, ರಚನಾ ಸುರಕ್ಷತೆಯ ಸ್ಥಾಯಿ ಸಮಿತಿ ಕಟುವಾದ ಎಚ್ಚರಿಕೆ ಕೊಟ್ಟಿತು. 2022ರ ಸೆಪ್ಟೆಂಬರಿನಲ್ಲಿ ಸರಕಾರದ ಆಸ್ತಿ ನಿರ್ವಹಣಾ ಕಚೇರಿ, ಈ ಹಲಗೆಗಳ ಆಯುಷ್ಯ ಮುಗಿದಿದೆ, ಕುಸಿಯುವ ಸಂಭವವಿದೆ ಎಂದೇ ಇಲಾಖೆಗಳಿಗೆ ಬರೆಯಿತು.

ಆಮೇಲೆ ಬಂದದ್ದು 2023ರ ಬೇಸಿಗೆ. ಮೂರು ಪ್ರಕರಣಗಳು ಒಂದರ ಹಿಂದೊಂದು ನಡೆದವು. ಸದ್ಯಕ್ಕೆ ಆತಂಕವಿಲ್ಲ ಎಂಬ ದರ್ಜೆಗೆ ಸೇರಬಹುದಾಗಿದ್ದ ಹಲಗೆಗಳು ಸೂಚನೆಯನ್ನೇ ಕೊಡದೆ ಕೈಕೊಟ್ಟವು. ಅಲ್ಲಿಗೆ ದರ್ಜೆ ಹಾಕುವ ಲೆಕ್ಕವೇ ಕುಸಿಯಿತು. ಕಣ್ಣಿಗೆ ಚೆನ್ನಾಗಿ ಕಾಣುವ ಹಲಗೆಯನ್ನೂ ನಂಬುವಂತಿಲ್ಲ ಎಂದಾದ ಮೇಲೆ ಉಳಿದದ್ದು ಒಂದೇ ದಾರಿ. ಆಗಸ್ಟ್ 31ರ ಗುರುವಾರ, ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯಲು ಇನ್ನೇನು ಕೆಲವೇ ದಿನ ಇದ್ದಾಗ, ಇಂಗ್ಲೆಂಡಿನ ಶಿಕ್ಷಣ ಇಲಾಖೆ 104 ಶಾಲೆ ಕಾಲೇಜುಗಳಿಗೆ ರಾಕ್ ಇರುವ ಕಟ್ಟಡಗಳನ್ನು ಮುಚ್ಚುವಂತೆ ಹೇಳಿತು. ಆ ವರ್ಷ ಅದಕ್ಕೂ ಮುಂಚೆ 52 ಕಡೆ ಹೀಗೇ ಆಗಿತ್ತು. 2024ರ ಫೆಬ್ರವರಿ ಹೊತ್ತಿಗೆ ಪಟ್ಟಿ 234ಕ್ಕೆ ಮುಟ್ಟಿತು. ಎಸೆಕ್ಸ್ ಪ್ರಾಂತ್ಯದಲ್ಲೇ ಹೆಚ್ಚು. ಮಕ್ಕಳು ತಾತ್ಕಾಲಿಕ ಕ್ಯಾಬಿನ್ನುಗಳಲ್ಲಿ, ಊಟದ ಹಾಲ್‌ಗಳಲ್ಲಿ, ಪಕ್ಕದ ಶಾಲೆಗಳಲ್ಲಿ ಕೂತರು, ಇನ್ನು ಕೆಲವರಿಗೆ ಮನೆಯೇ ತರಗತಿಯಾಯಿತು.

ತಪ್ಪು ಗುಳ್ಳೆ ಕಾಂಕ್ರೀಟಿನದು ಎಂದು ಪತ್ರಿಕೆಗಳು ಬರೆದವು. ನನಗೆ ಅದು ಅರ್ಧ ಸತ್ಯ ಅನಿಸುತ್ತದೆ. 2023ರ ಜೂನ್‌ನಲ್ಲಿ ಬ್ರಿಟನ್ನಿನ ಲೆಕ್ಕಪರಿಶೋಧನಾ ಕಚೇರಿ ಶಾಲಾ ಕಟ್ಟಡಗಳ ಬಗ್ಗೆ ವರದಿ ಕೊಟ್ಟಿತ್ತು. ಸುಮಾರು 24,000 ಕಟ್ಟಡಗಳು, ಅಂದರೆ ನೂರಕ್ಕೆ 38, ತಮಗೆ ಅಂದಾಜಿಸಿದ್ದ ಆಯುಷ್ಯವನ್ನು ದಾಟಿದ್ದವು. ಶಾಲೆಗಳ ದುರಸ್ತಿಗೆ ವರ್ಷಕ್ಕೆ 530 ಕೋಟಿ ಪೌಂಡ್ ಬೇಕೆಂದು ಶಿಕ್ಷಣ ಇಲಾಖೆ ಲೆಕ್ಕ ಹಾಕಿದ್ದರೆ ಸಿಕ್ಕಿದ್ದು ಸರಾಸರಿ 310 ಕೋಟಿ. ಮೂವತ್ತು ವರ್ಷಕ್ಕೆಂದು ಕಟ್ಟಿದ ಚಾವಣಿ ಐವತ್ತು ವರ್ಷ ನಿಂತರೆ ಖಜಾನೆಯವರು ಅದನ್ನು ಉಳಿತಾಯ ಎಂದು ಬರೆದುಕೊಳ್ಳುತ್ತಾರೆ. ಹಾಗೆ ನೋಡಿದರೆ ವಯಸ್ಸೊಂದೇ ಅಳತೆಗೋಲಲ್ಲ. ರಾಕ್ ಬಗ್ಗೆ ಹೆಚ್ಚು ಕೆಲಸ ಮಾಡಿರುವ ಲಫ್‌ಬರೋ ವಿಶ್ವವಿದ್ಯಾಲಯದ ಕ್ರಿಸ್ ಗುಡಿಯರ್ ಮತ್ತು ಅವರ ಸಂಗಡಿಗರು ಹೇಳುತ್ತಾ ಬಂದಿರುವುದೂ ಇದನ್ನೇ: ಚೆನ್ನಾಗಿ ತಯಾರಾಗಿ, ಸರಿಯಾಗಿ ಕೂತು, ಒಣಗಿರುವ ಹಲಗೆ ಬಹುಕಾಲ ಬಾಳಬಹುದು. ನಿಮ್ಮ ನೆತ್ತಿಯ ಮೇಲಿನ ಹಲಗೆ ಅಂಥದ್ದೇ ಎಂದು ಖಚಿತಪಡಿಸಿಕೊಳ್ಳುವುದಕ್ಕೇ ತಿಂಗಳುಗಟ್ಟಲೆ ಕೆಲಸ.

ಶಾಲೆಯನ್ನು ಮುಚ್ಚಬಹುದು. ಆಸ್ಪತ್ರೆಯನ್ನು ಹಾಗೆ ಬೀಗ ಹಾಕಿ ಹೋಗಲಾಗದು. ನಾರ್ಫೋಕ್‌ನ ಕಿಂಗ್ಸ್ ಲಿನ್ ಊರಿನ ಕ್ವೀನ್ ಎಲಿಜಬೆತ್ ಆಸ್ಪತ್ರೆ 1980ರಲ್ಲಿ ತೆರೆದದ್ದು. ಅಲ್ಲಿ ಚಾವಣಿ ಎತ್ತಿ ಹಿಡಿಯಲು ನಿಲ್ಲಿಸಿದ ಉಕ್ಕಿನ ಮತ್ತು ಮರದ ಆಸರೆಗಳ ಸಂಖ್ಯೆ ಸಾವಿರಗಳಲ್ಲಿತ್ತು. ನಮ್ಮಲ್ಲಿ ಮೋಲ್ಡ್ ಹಾಕುವಾಗ ಸೆಂಟ್ರಿಂಗ್ ಕೆಳಗೆ ಜಾಕಿ ನಿಲ್ಲಿಸುತ್ತಾರಲ್ಲ, ಅಂಥವೇ, ಆದರೆ ರೋಗಿಗಳ ಮಂಚದ ಪಕ್ಕದಲ್ಲಿ, ವಾರ್ಡಿನ ಓಣಿಯಲ್ಲಿ. ಯಾರ್ಕ್‌ಶೈರ್‌ನ ಏರ್‌ಡೇಲ್ ಆಸ್ಪತ್ರೆಯ ಕಟ್ಟಡದಲ್ಲಿ ಬಹುಪಾಲು ಇದೇ ವಸ್ತು, ಚಾವಣಿಯಷ್ಟೇ ಅಲ್ಲ, ಗೋಡೆ, ನೆಲಗಳಲ್ಲೂ. ಇಂಥ ಐದು ಆಸ್ಪತ್ರೆಗಳನ್ನು ಹೊಸದಾಗಿ ಕಟ್ಟುವುದಾಗಿ 2023ರ ಮೇ ತಿಂಗಳಲ್ಲಿ ಸರಕಾರ ಘೋಷಿಸಿತು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಕಥೆ ಇನ್ನೂ ಕಹಿ. ಅಲ್ಲಿನ ನಗರಸಭೆ 2024ರಲ್ಲಿ ಐನೂರಕ್ಕೂ ಹೆಚ್ಚು ಮನೆಗಳನ್ನು ಕೆಡವಲು ತೀರ್ಮಾನಿಸಿತು. ಅವುಗಳಲ್ಲಿ ನೂರಕ್ಕೂ ಹೆಚ್ಚು ಮನೆಗಳು ಖಾಸಗಿಯವರ ಕೈಯಲ್ಲಿದ್ದವು. ನಗರಸಭೆಯೇ ಕಟ್ಟಿಸಿದ್ದ ಮನೆ, ಸಾಲ ಮಾಡಿ ಕೊಂಡವರು ಸಾಮಾನ್ಯ ಜನ, ನೆತ್ತಿಯ ಮೇಲೇನಿದೆ ಎಂದು ಯಾರೂ ಹೇಳಿರದ ಮನೆ.

ಈ ಸುದ್ದಿ ಓದಿದ ಬೆಂಗಳೂರಿನವರಿಗೆ ಒಂದು ದಿಗಿಲು ಸಹಜ. ಇಲ್ಲಿ ಈಗ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಗೋಡೆಗೆ ಬಳಸುವ ಎಎಸಿ ಬ್ಲಾಕ್ ಅದೇ ಮನೆತನದ್ದು: ಅದೇ ಹಾರುಬೂದಿ, ಅದೇ ಅಲ್ಯುಮಿನಿಯಂ ಪುಡಿ, ಅದೇ ಹಬೆ. ಆದರೆ ಆ ಬ್ಲಾಕಿನಲ್ಲಿ ಕಂಬಿಯಿಲ್ಲ. ಕಂಬ ತೊಲೆಗಳ ಆರ್‌ಸಿಸಿ ಚೌಕಟ್ಟಿನ ನಡುವೆ ಗೋಡೆಯಾಗಿ ಕೂತಿರುತ್ತದೆ, ಮೇಲಿನ ಮಹಡಿಯ ಭಾರ ಹೊರುವುದು ಚೌಕಟ್ಟು. ಅದರ ತೊಂದರೆಗಳು ಬೇರೆ, ತೇವ ಹೀರುವುದು, ಗಿಲಾವು ಸೀಳುವುದು, ಗೀಸರಿನ ಸ್ಕ್ರೂ ಹಿಡಿಯದಿರುವುದು. ತಲೆನೋವು ಹೌದು, ತಲೆಯ ಮೇಲೆ ಬೀಳುವಂಥದ್ದಲ್ಲ.

ಕಂಬಿ ಹಾಕಿದ ಹಲಗೆ ಮಾತ್ರ ಬೇರೆ ಪ್ರಾಣಿ. ಅದೂ ಭಾರತಕ್ಕೆ ಅಪರಿಚಿತವಲ್ಲ. ಸ್ವೀಡನ್ನಿನ ಸಿಪೊರೆಕ್ಸ್ ತಂತ್ರಜ್ಞಾನ 1970ರ ದಶಕದಲ್ಲೇ ಪುಣೆಗೆ ಬಂದಿತ್ತು. ಇಂಥ ನೆಲ ಮತ್ತು ಚಾವಣಿ ಹಲಗೆಗಳಿಗಾಗಿಯೇ 1971ರಲ್ಲಿ ಐಎಸ್ 6073 ಎಂಬ ಭಾರತೀಯ ಮಾನಕ ಬಂದಿದೆ. ಹಳೆಯ ಕಾರ್ಖಾನೆಯ ಅಥವಾ ಸಂಸ್ಥೆಯ ಚಾವಣಿಯಲ್ಲಿ ಎರಡಡಿಗೊಂದು ಗೀರು ಕಂಡರೆ ಏಣಿ ತರಿಸುವುದು ಒಳ್ಳೆಯದು. ಮೊದಲು ಚಾವಣಿಯ ಮೇಲೆ ಕಾಲಿಡದೆ ಏಣಿಯಿಂದಲೇ ಮಳೆನೀರಿನ ದೋಣಿ ಕಟ್ಟಿಕೊಂಡಿದೆಯೇ, ಎಲ್ಲಿ ನೀರು ನಿಂತ ಕಲೆಯಿದೆ ಎಂದು ನೋಡಬೇಕು. ಆಮೇಲೆ ಕೆಳಗೆ ಬಂದು ಹಲಗೆಯ ನಡುವನ್ನಲ್ಲ, ಗೋಡೆಯ ಅಂಚಿನ ಒಂದಡಿಯನ್ನು ನೋಡಬೇಕು. ಅಲ್ಲಿ ಓರೆ ಬಿರುಕು ಇದ್ದರೆ ಮೇಸ್ತ್ರಿಗೆ ಮುಂಚೆ ಸ್ಟ್ರಕ್ಚರಲ್ ಎಂಜಿನಿಯರಿಗೆ ಫೋನು ಹೋಗಬೇಕು, ಆ ಕೊಠಡಿಗೆ ಬೀಗ ಬೀಳಬೇಕು. ಎಸಿಯ ಪೈಪಿಗೋ ಚಿಮಣಿಗೋ ಎಂದು ಯಾರಾದರೂ ಹಲಗೆಗೆ ತೂತು ಕೊರೆಸಿದ್ದಾರೆಯೇ ಎಂದೂ ವಿಚಾರಿಸಬೇಕು.

ಹೊಸದಾಗಿ ಇಂಥ ಕಂಬಿಯುಳ್ಳ ಹಲಗೆ ಕೊಳ್ಳುವವರಿಗೆ ಸೈಟಿನಲ್ಲೇ ಗರಗಸದಿಂದ ಬೇಕಾದಂತೆ ಕತ್ತರಿಸಿಕೊಳ್ಳಬಹುದು ಎಂಬ ಆಸೆ ತೋರಿಸುವವರು ಸಿಕ್ಕಬಹುದು. ಗೋಡೆಯ ಬ್ಲಾಕಿಗೆ ಅದು ನಿಜವಾದ ಅನುಕೂಲ. ಚಾವಣಿಯ ಹಲಗೆಯನ್ನು ಅರ್ಧ ಅಡಿ ಕತ್ತರಿಸಿದರೆ ಗರಗಸ ಕೊಯ್ದು ಬಿಸಾಡುವುದು ತುದಿಯ ಅಡ್ಡಕಂಬಿಗಳನ್ನು. ಹಾಗೆ ಕತ್ತರಿಸಿದ ಹಲಗೆಯಲ್ಲಿ ಗೋಡೆಯ ಮೇಲೆ ಬರುವ ಅಡ್ಡಕಂಬಿ ಯಾವುದು ಎಂದು ಮಾರಾಟಗಾರನಿಂದ ನಕ್ಷೆಯ ಮೇಲೆ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಬೇಕು. ಬರೆದುಕೊಡದಿದ್ದರೆ ಸರಿಯಾದ ಅಳತೆಯದನ್ನೇ ಕಾರ್ಖಾನೆಯಿಂದ ತರಿಸಬೇಕು, ಅದಕ್ಕೆ ಇನ್ನೆರಡು ವಾರ ಹಿಡಿದರೂ ಸರಿ.